ಜಾತ್ರೆಯ ತಂತಿ, ಮನೆಯ ಕೇಬಲ್

ಮನೆಯ ಟಿವಿಗೆ, ಸ್ಪೀಕರಿಗೆ ಉದ್ದದ ಕೇಬಲ್ ಕೊಳ್ಳುವವರು ಬೆಲೆ, ಹೊಳಪು ನೋಡುತ್ತಾರೆ. ಆದರೆ ದೂರ ಹೆಚ್ಚಿದಾಗ ಬದಲಿಸಬೇಕಾದದ್ದು ಸಾಗಿಸುವ ರೀತಿಯನ್ನು. ಇದನ್ನು ನಮ್ಮ ಭಾಗದ ಮೈಕ್‌ಸೆಟ್ಟಿನವರ ಕಸುಬು ಎಂದೋ ಅರಿತಿತ್ತು. ಸವದತ್ತಿಯ ಎಲ್ಲಮ್ಮನ ಜಾತ್ರೆಯಿರಲಿ, ಕದಂಬರ ಕಾಲದ ಕಮಲನಾರಾಯಣ ಗುಡಿಯಿರುವ ದೇಗಾಂವದಂಥ ಊರಿನ ಬಯಲಾಟವಿರಲಿ, ಆಂಪ್ಲಿಫೈಯರ್ ಒಂದು ಕಡೆ, ಹಾರ್ನು ದೂರದ ಕಂಬದ ಮೇಲೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿ 50 ಮೀಟರ್ ಹೋಗಿ ಮರಳುವಷ್ಟರಲ್ಲಿ ಸುಮಾರು 1.7 ಓಮ್ ಅಡ್ಡಿಯಾಗುತ್ತದೆ. ಅದರ ತುದಿಗೆ 8 ಓಮ್ ಸ್ಪೀಕರ್ ಕಟ್ಟಿದರೆ ಹೊರಟ ಶಕ್ತಿಯ ಆರನೇ ಒಂದು ಪಾಲಿಗಿಂತ ಹೆಚ್ಚು ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. ಅದಕ್ಕೇ ಬಂದದ್ದು 100 ವೋಲ್ಟ್ ಲೈನ್: ವೋಲ್ಟೇಜು ಏರಿಸಿ ಕಳಿಸಿ, ಹಾರ್ನಿನ ಬಳಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವುದು. ಅದೇ ತಂತಿಯಲ್ಲಿ 30 ವ್ಯಾಟಿನ ಹಾರ್ನಿಗೆ ನಷ್ಟ ನೂರರಲ್ಲಿ ಒಂದು ಪಾಲೂ ಇಲ್ಲ.

ಟ್ರಾನ್ಸ್‌ಫಾರ್ಮರು ಡಗ್ಗಾದ ಗುಮಕಿಯನ್ನು ಸೊರಗಿಸುತ್ತದೆಂಬ ಆಕ್ಷೇಪ ನಿಜವೇ. ಧಾರವಾಡದ ಗಾಯನವನ್ನು ಮನಸಾರೆ ಕೇಳಬೇಕಾದ ಮನೆಗೆ ಅದು ಸಲ್ಲದು. ಅಲ್ಲಿ 4 ಚದರ ಮಿಲಿಮೀಟರಿನ ದಪ್ಪ ತಂತಿಯೇ ಸರಿ, ನಷ್ಟ ಇಪ್ಪತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಡಿಜಿಟಲ್ ಕಾಲಕ್ಕೆ ಈ ಲೆಕ್ಕ ಹಳತಾಯಿತು ಎನ್ನುವವರಿದ್ದಾರೆ. ಆದರೆ 2002ರಲ್ಲಿ ಬಂದ, ಟಿವಿಗೆ ಚಿತ್ರ-ದನಿ ಒಯ್ಯುವ ಎಚ್‌ಡಿಎಂಐ 2013ರ ಹೊತ್ತಿಗೆ ಸೆಕೆಂಡಿಗೆ 18 ಗಿಗಾಬಿಟ್ ಹೊರಲಾರಂಭಿಸಿದಾಗ ಉದ್ದದ ತಾಮ್ರ ಮತ್ತೆ ಸೋತಿತು. ಅಷ್ಟು ವೇಗದ ಸಂಕೇತ ದಾರಿಯಲ್ಲೇ ಕ್ಷೀಣಿಸಿ, ಚಿತ್ರ ಮಿನುಗುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ. ಚಿನ್ನದ ಲೇಪ ಅದನ್ನು ಉಳಿಸದು. ಹಜಾರದಿಂದ ಮಹಡಿಗೆ 20–30 ಮೀಟರ್ ಎಳೆಯುವವರು ವಿದ್ಯುತ್ತನ್ನು ಬೆಳಕಾಗಿಸಿ ಒಯ್ಯುವ ಆಪ್ಟಿಕಲ್ ಎಚ್‌ಡಿಎಂಐ ಕೊಳ್ಳುವುದು ಲೇಸು. ಅದು ಒಂದೇ ದಿಕ್ಕಿಗೆ ಒಯ್ಯುವುದರಿಂದ, ಗೋಡೆಯೊಳಗೆ ಹೂಳುವ ಮುನ್ನ ಯಾವ ತುದಿ ಟಿವಿಯದೆಂದು ನೋಡಿಕೊಳ್ಳಬೇಕು.