ಕಡಲ ತಳದ ಗೇರುಸೊಪ್ಪೆ

ಗೇರುಸೊಪ್ಪೆ ಅಂದ ಕೂಡಲೇ ನಮಗೆ ನೆನಪಾಗೋದು ಏನು? ಶರಾವತಿ ನದಿ, ಕಾಡಿನ ನಡುವಿನ ಚತುರ್ಮುಖ ಬಸದಿ, ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಅಂತ ಕರೆದ ಚೆನ್ನಭೈರಾದೇವಿ. ಸ್ವಲ್ಪ ಹಳೇ ಪುಸ್ತಕ ಓದಿದವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತೆ. ನಮ್ಮ ಜೋಗವನ್ನು ಬ್ರಿಟಿಷರು ಕರೀತಿದ್ದದ್ದು 'ಗೇರುಸೊಪ್ಪೆ ಜಲಪಾತ' ಅಂತಲೇ. ಆದರೆ ಇದೇ ಹೆಸರನ್ನು ಇಂಗ್ಲೆಂಡಿನ ನಾವಿಕರ ಮುಂದೆ ಹೇಳಿದರೆ ಅವರಿಗೆ ನೆನಪಾಗೋದು ಬೇರೆಯೇ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, 4,700 ಮೀಟರ್ ಆಳದಲ್ಲಿ, ಬೆಳ್ಳಿ ಗಟ್ಟಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಪ್ಪತ್ತು ವರ್ಷ ಕೂತಿದ್ದ ಒಂದು ಸರಕು ಹಡಗು. ಅದರ ಹೆಸರು ಎಸ್.ಎಸ್. ಗೇರ್‌ಸೊಪ್ಪ.

ಉತ್ತರ ಕನ್ನಡದ ಒಂದು ಸಣ್ಣ ಊರಿನ ಹೆಸರು ಅಲ್ಲಿಗೆ ಹೋಗಿದ್ದು ಹೇಗೆ? ಉತ್ತರ ಸರಳ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಅಂತ ಒಂದು ದೊಡ್ಡ ಹಡಗು ಕಂಪನಿ ಇತ್ತು. ಅವರ ಹಡಗುಗಳಲ್ಲಿ ಎಷ್ಟೋ ಹಡಗುಗಳಿಗೆ ಇಲ್ಲಿನ ಊರುಗಳ ಹೆಸರು, ಅದರಲ್ಲೂ 'ಆ' ಸ್ವರದಲ್ಲಿ ಮುಗಿಯುವ ಹೆಸರು ಇಡೋದು ರೂಢಿ. ಗೋಲ್ಕೊಂಡಾ, ದ್ವಾರಕಾ ಹೀಗೆ. ಗೇರುಸೊಪ್ಪೆಯ ಕೊನೆಯ 'ಎ'ಕಾರ ಇಂಗ್ಲಿಷಿನ ಬಾಯಲ್ಲಿ ಮೊದಲೇ 'ಅ' ಆಗಿಹೋಗಿತ್ತು. 1919ರಲ್ಲಿ ಇಂಗ್ಲೆಂಡಿನ ಟೈನ್ ನದಿ ದಂಡೆಯ ಪಾಮರ್ಸ್ ಕಾರ್ಖಾನೆಯಲ್ಲಿ ಕಟ್ಟಿದ, ಐದು ಸಾವಿರ ಟನ್ನಿಗೂ ಮೀರಿದ ಈ ಹಡಗಿಗೆ ಆ ಹೆಸರು ಅಂಟಿಕೊಂಡಿತು. ಇಪ್ಪತ್ತು ವರ್ಷ ಅದು ಸರಕು ಹೊತ್ತುಕೊಂಡು ಓಡಾಡಿತು. ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಯುದ್ಧ ಬಂತು. 1940ರ ಡಿಸೆಂಬರ್‌ನಲ್ಲಿ ಗೇರ್‌ಸೊಪ್ಪ ಕಲ್ಕತ್ತೆಯಿಂದ ಹೊರಟಿತು. ಒಳಗೆ ಸುಮಾರು 7,000 ಟನ್ ಸರಕು: ಬೀಡು ಕಬ್ಬಿಣ, ಚಹಾ, ಅಂಚೆ ಚೀಲಗಳು, ಜೊತೆಗೆ ಬೆಳ್ಳಿ. ಯುದ್ಧದಿಂದಾಗಿ ಮೆಡಿಟರೇನಿಯನ್ ದಾರಿ ಬಂದ್ ಆಗಿದ್ದರಿಂದ ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಹೋಗಬೇಕಿತ್ತು. ಪಶ್ಚಿಮ ಆಫ್ರಿಕಾದ ಫ್ರೀಟೌನ್ ಬಂದರಿನಲ್ಲಿ ಅದು ಬೇರೆ ಹಡಗುಗಳ ಗುಂಪು ಸೇರಿಕೊಂಡಿತು. ಒಂಟಿಯಾಗಿ ಹೋದರೆ ಜರ್ಮನರ ಸಬ್‌ಮೆರೀನ್ ಹೊಡೆದು ಹಾಕುತ್ತೆ, ಗುಂಪಿನಲ್ಲಿ ಹೋದರೆ ಸ್ವಲ್ಪವಾದರೂ ರಕ್ಷಣೆ ಅನ್ನೋ ಲೆಕ್ಕಾಚಾರ.

ಈ ಲೆಕ್ಕ ತಪ್ಪಿಸಿದ್ದು ಕಲ್ಲಿದ್ದಲು. ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದಿತು. ಅಲೆಗಳಿಗೆ ಎದುರಾಗಿ ಹೋಗ್ತಾ ಹೋಗ್ತಾ ಹಡಗು ಅಂದಾಜಿಗಿಂತ ಜಾಸ್ತಿ ಕಲ್ಲಿದ್ದಲು ತಿಂದು ಹಾಕಿತು. ಗುಂಪಿನ ಜೊತೆ ಬ್ರಿಟನ್‌ವರೆಗೆ ಮುಟ್ಟೋದು ಸಾಧ್ಯವಿಲ್ಲ ಅಂತ ಗೊತ್ತಾದಾಗ ಕ್ಯಾಪ್ಟನ್ ಗುಂಪು ಬಿಟ್ಟು ಐರ್ಲೆಂಡಿನ ಗಾಲ್‌ವೇ ಬಂದರಿನ ಕಡೆ ತಿರುಗಿಸಿದ. 1941ರ ಫೆಬ್ರವರಿ 16ರಂದು ಒಂದು ಜರ್ಮನ್ ವಿಮಾನ ಹಡಗಿನ ಮೇಲೆ ಸುತ್ತು ಹಾಕಿ ಹೋಯಿತು. ಅದೇ ರಾತ್ರಿ ಯು-101 ಅನ್ನೋ ಸಬ್‌ಮೆರೀನ್ ಬಿಟ್ಟ ಟಾರ್ಪೆಡೋ ಬಲಬದಿಗೆ ಹೊಡೆಯಿತು. ಇಪ್ಪತ್ತು ನಿಮಿಷದಲ್ಲಿ ಹಡಗು ಮುಳುಗಿತು. ಗಾಲ್‌ವೇ ಇನ್ನೂ 300 ಮೈಲಿ ದೂರ ಇತ್ತು.

ಹಡಗಿನಲ್ಲಿದ್ದದ್ದು 80ಕ್ಕೂ ಹೆಚ್ಚು ಜನ. ಅವರಲ್ಲಿ ಬಹುಪಾಲು ಭಾರತೀಯರು. ಆಗಿನ ಮಾತಿನಲ್ಲಿ ಹೇಳೋದಾದರೆ ಲಸ್ಕರ್‌ಗಳು. ಬಾಯ್ಲರಿಗೆ ಕಲ್ಲಿದ್ದಲು ತುಂಬೋರು, ಡೆಕ್ ತೊಳೆಯೋರು, ಹಗ್ಗ ಎಳೆಯೋರು, ಅಡುಗೆ ಮಾಡೋರು. ಅದೇ ಕೆಲಸಕ್ಕೆ ಬಿಳಿಯ ನಾವಿಕನಿಗೆ ಸಿಗ್ತಿದ್ದ ಸಂಬಳದಲ್ಲಿ ಸಣ್ಣದೊಂದು ಪಾಲು ಮಾತ್ರ ಇವರಿಗೆ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ಬಂದರುಗಳಲ್ಲಿ ಇವರು ಮುಷ್ಕರ ಹೂಡಿದ್ದೂ ಉಂಟು, ಸಾಯೋ ಅಪಾಯ ಇಬ್ಬರಿಗೂ ಒಂದೇ, ಸಂಬಳ ಯಾಕೆ ಬೇರೆ ಅಂತ.

ಆ ರಾತ್ರಿ ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಇದ್ದ ಒಂದು ದೋಣಿ ಮಾತ್ರ ದೂರ ಸಾಗಿತು. ಅದರಲ್ಲಿ ಸುಮಾರು 30 ಜನ, ಅವರಲ್ಲೂ ಹೆಚ್ಚಿನವರು ಲಸ್ಕರ್‌ಗಳು. ಫೆಬ್ರವರಿಯ ಚಳಿ, ಮೈಮೇಲೆ ತೆಳು ಬಟ್ಟೆ, ಕುಡಿಯೋಕೆ ಅಳತೆ ಮಾಡಿದ ನೀರು, ಕೆಲವೇ ದಿನದಲ್ಲಿ ಅದೂ ಮುಗಿಯಿತು. ದಿನಕ್ಕೆ ಒಬ್ಬಿಬ್ಬರಂತೆ ಸಾಯ್ತಾ ಬಂದರು. ಹದಿಮೂರನೇ ದಿನ, ಮಾರ್ಚ್ 1ರಂದು, ಇಂಗ್ಲೆಂಡಿನ ನೈಋತ್ಯ ತುದಿಯ ಲಿಜಾರ್ಡ್ ಕರಾವಳಿ ಕಂಡಿತು. ಬೆರಳೆಣಿಕೆಯಷ್ಟು ಜನ ಇನ್ನೂ ಜೀವ ಹಿಡಿದಿದ್ದರು. ಆದರೆ ದಡಕ್ಕೆ ಬರುವಾಗ ಅಲೆಗೆ ದೋಣಿ ಮಗುಚಿತು. ದೂರದಿಂದ ನೋಡಿದ ಮೂವರು ಹುಡುಗಿಯರು ಓಡಿಹೋಗಿ ಸುದ್ದಿ ಮುಟ್ಟಿಸಿದರು. ಬದುಕಿ ಉಳಿದದ್ದು ಏರ್ಸ್ ಒಬ್ಬನೇ. ಇಡೀ ಹಡಗಿನಲ್ಲೇ ಒಬ್ಬನೇ.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಬೆಳ್ಳಿಯಿಂದಾಗಿ ಮುಗೀಲಿಲ್ಲ.

ಮುಳುಗಿದ ಹಡಗಿನಿಂದ ಏನಾದರೂ ತೆಗೀಬೇಕು ಅಂದರೆ ಮನುಷ್ಯನಿಗೆ ಎದುರಾಗೋ ಮೊದಲ ಶತ್ರು ಒತ್ತಡ. ಪ್ರತಿ ಹತ್ತು ಮೀಟರ್ ಕೆಳಗಿಳಿದರೆ ಒಂದು ವಾತಾವರಣದಷ್ಟು ಒತ್ತಡ ಕೂಡಿಕೊಳ್ಳುತ್ತೆ. ಮುತ್ತು ತೆಗೆಯೋರು, ಸ್ಪಂಜು ತೆಗೆಯೋರು ಉಸಿರು ಬಿಗಿಹಿಡಿದು ಸಾವಿರಾರು ವರ್ಷ ಮುಳುಗಿದರು. 1830ರ ದಶಕದಲ್ಲಿ ಆಗಸ್ಟಸ್ ಸೀಬೆ ತಾಮ್ರದ ಹೆಲ್ಮೆಟ್ ಇರುವ ಉಡುಪು ರೂಪಿಸಿದ. ಮೇಲಿನಿಂದ ಪಂಪಿನಲ್ಲಿ ಗಾಳಿ ಒತ್ತಿದರೆ ಕೆಳಗೆ ಗಂಟೆಗಟ್ಟಲೆ ಕೆಲಸ ಮಾಡಬಹುದು. 1943ರಲ್ಲಿ ಕೂಸ್ಟೋ ಮತ್ತು ಗಾನ್ಯಾನ್ ಬೆನ್ನಿಗೆ ಕಟ್ಟಿಕೊಳ್ಳೋ ಅಕ್ವಾಲಂಗ್ ಮಾಡಿದ ಮೇಲೆ ಕೊಳವೆಯ ಹಂಗೂ ತಪ್ಪಿತು. ಆದರೂ ಇವತ್ತಿಗೂ ಹವ್ಯಾಸಕ್ಕೆ ಮುಳುಗೋರಿಗೆ 40 ಮೀಟರ್ ಅಂದರೆ ಗಡಿ.

ಈ ಗಡಿ ದಾಟಿದ ಮೊದಲ ದೊಡ್ಡ ನಿಧಿ ಬೇಟೆಗೂ ಭಾರತದ ನಂಟಿದೆ. 1922ರ ಮೇ 20ರಂದು ಲಂಡನ್ನಿನಿಂದ ಮುಂಬಯಿಗೆ ಬರ್ತಿದ್ದ 'ಈಜಿಪ್ಟ್' ಅನ್ನೋ ಪ್ರಯಾಣಿಕ ಹಡಗು, ಫ್ರಾನ್ಸಿನ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಒಳಗೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಬೆಲೆಯ ಚಿನ್ನ ಬೆಳ್ಳಿ. ಆಳ ಸುಮಾರು 130 ಮೀಟರ್. ಇಟಲಿಯ 'ಅರ್ತಿಲ್ಯೋ' ಹಡಗಿನವರು ಒಂದು ಉಪಾಯ ಮಾಡಿದರು. ಕಿಟಕಿಗಳಿರೋ ಉಕ್ಕಿನ ಕೊಳವೆಯಂಥ ಗೂಡಿನೊಳಗೆ ಒಬ್ಬನನ್ನು ಕೂರಿಸಿ ಕೆಳಗಿಳಿಸೋದು. ಅವನು ಏನನ್ನೂ ಮುಟ್ಟೋ ಹಾಗಿಲ್ಲ. ಬರೀ ನೋಡಿ ಟೆಲಿಫೋನಿನಲ್ಲಿ 'ಸ್ವಲ್ಪ ಎಡಕ್ಕೆ, ಇನ್ನೂ ಕೆಳಕ್ಕೆ' ಅನ್ನಬೇಕು. ಮೇಲಿನವರು ಕಬ್ಬಿಣದ ದವಡೆ ಇಳಿಸಿ ಕಚ್ಚಿಸಿ ಎತ್ತಬೇಕು. ಇದರ ನಡುವೆ ಇನ್ನೊಂದು ಮುಳುಗಿದ ಹಡಗನ್ನು ಸ್ಫೋಟಿಸುವಾಗ ಅರ್ತಿಲ್ಯೋ ತಾನೇ ಸಿಡಿದು ತಂಡದ ಹಲವರು ಸತ್ತರು. ಉಳಿದವರು ಬೇರೆ ಹಡಗು ತಂದು 1932ರಲ್ಲಿ ಚಿನ್ನ ಎತ್ತಿದರು.

130 ಮೀಟರಿಗೇ ಇಷ್ಟು ಪಾಡು. ಗೇರ್‌ಸೊಪ್ಪ ಇರೋದು 4,700 ಮೀಟರಿನಲ್ಲಿ! ಟೈಟಾನಿಕ್ ಇರೋ ಆಳಕ್ಕಿಂತಲೂ ಸುಮಾರು 900 ಮೀಟರ್ ಕೆಳಗೆ. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 470 ಕಿಲೋ ಭಾರ ಬೀಳುತ್ತೆ. ಮನುಷ್ಯ ಹೋಗಿ ಕೆಲಸ ಮಾಡೋ ಮಾತೇ ಇಲ್ಲ. ಹಾಗಾಗಿ ಹೋದದ್ದು ಯಂತ್ರ. 2010ರಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಶನ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ಒಪ್ಪಂದ ಹೀಗಿತ್ತು: ಹುಡುಕೋ ಖರ್ಚು, ಸಿಗದೇ ಹೋದರೆ ನಷ್ಟ, ಎಲ್ಲಾ ಕಂಪನಿಯದ್ದು. ಸಿಕ್ಕರೆ ಖರ್ಚು ಕಳೆದು ಉಳಿದದ್ದರಲ್ಲಿ 80% ಕಂಪನಿಗೆ, 20% ಸರ್ಕಾರಕ್ಕೆ.

2011ರಲ್ಲಿ ಸೋನಾರ್ ಎಳೆದು ಹುಡುಕಿದಾಗ ಹಡಗು ಸಿಕ್ಕಿತು. ನೆಟ್ಟಗೆ ಕೂತಿತ್ತು, ಬದಿಯಲ್ಲಿ ಟಾರ್ಪೆಡೋ ಮಾಡಿದ ತೂತು. ಮೇಲಿನ ಹಡಗಿನಲ್ಲಿ ಪರದೆ ನೋಡ್ತಾ ಕೂತವರು ಕೇಬಲ್ ಮೂಲಕ ನಡೆಸೋ ರೋಬೋಟ್ ಕೈಗಳು ಒಂದೊಂದೇ ಗಟ್ಟಿ ಹೆಕ್ಕಿದವು. 2012 ಮತ್ತು 2013ರಲ್ಲಿ ಸೇರಿ ಒಟ್ಟು 2,792 ಗಟ್ಟಿ. ಒಂದೊಂದೂ ಸುಮಾರು 35 ಕಿಲೋ. ಒಟ್ಟು ತೂಕ ಸುಮಾರು 100 ಟನ್, ಅಮೆರಿಕದವರ ಲೆಕ್ಕದಲ್ಲಿ 110. ಅಲ್ಲಿಯವರೆಗೆ ಅಷ್ಟು ಆಳದಿಂದ ಅಷ್ಟು ಬೆಳ್ಳಿಯನ್ನು ಯಾರೂ ಎತ್ತಿರಲಿಲ್ಲ.

ಈಗ ನಿಮಗೂ ಅದೇ ಪ್ರಶ್ನೆ ಬಂದಿರಬೇಕು. ಕಲ್ಕತ್ತೆಯಿಂದ ಹೊರಟ ಬೆಳ್ಳಿ ತಾನೇ ಅದು? ಹಾಗಿದ್ದರೆ ಅದು ಯಾರದ್ದು?

ಕಾನೂನಿನ ಉತ್ತರ ನೇರವಾಗಿದೆ. ಯುದ್ಧಕಾಲದ ವಿಮೆಯ ಯೋಜನೆಯಲ್ಲಿ ಬ್ರಿಟಿಷ್ ಸರ್ಕಾರ ಆ ಸರಕಿಗೆ ವಿಮೆ ಮಾಡಿತ್ತು. ಮುಳುಗಿದ ಮೇಲೆ ಮಾಲೀಕರಿಗೆ ಹಣ ಕೊಟ್ಟಿತು. ಹಣ ಕೊಟ್ಟ ಮೇಲೆ ಸರಕು ವಿಮೆಗಾರನದ್ದು. ನಮ್ಮ ಕಾರು ಕಳವಾಗಿ ವಿಮಾ ಕಂಪನಿ ಪೂರ್ತಿ ಹಣ ಕೊಟ್ಟರೆ, ಆಮೇಲೆ ಸಿಕ್ಕ ಕಾರು ಅವರದ್ದೇ ಆಗುತ್ತಲ್ಲ, ಹಾಗೆ.

ಚರಿತ್ರೆಯ ಉತ್ತರ ಇಷ್ಟು ಸಲೀಸಲ್ಲ. 1940ರಲ್ಲೇ ಸರ್ಕಾರ ನಮ್ಮ ರೂಪಾಯಿ ನಾಣ್ಯದ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿತು. ಒಂದು ರೂಪಾಯಿಯ ನೋಟು ಚಲಾವಣೆಗೆ ಬಂತು. ಇಲ್ಲಿನ ಜನರ ಕೈಯಲ್ಲಿ ಬೆಳ್ಳಿ ತೆಳುವಾಗ್ತಿದ್ದ ಕಾಲದಲ್ಲೇ ಇಲ್ಲಿನ ಬಂದರುಗಳಿಂದ ಬೆಳ್ಳಿ ಹಡಗು ಹತ್ತುತ್ತಿತ್ತು. ಗೇರ್‌ಸೊಪ್ಪ ಒಂದೇ ಅಲ್ಲ. 1942ರ ನವೆಂಬರ್‌ನಲ್ಲಿ ಸೇಂಟ್ ಹೆಲೆನಾ ದ್ವೀಪದ ದಕ್ಷಿಣಕ್ಕೆ ಮುಳುಗಿದ 'ಸಿಟಿ ಆಫ್ ಕೈರೋ' ಹಡಗಿನಲ್ಲಿದ್ದದ್ದು ಮುಂಬಯಿಯಿಂದ ತುಂಬಿದ ಬೆಳ್ಳಿ ರೂಪಾಯಿಗಳ 2,000 ಪೆಟ್ಟಿಗೆ, ಸುಮಾರು 100 ಟನ್. ಅದು 5,000 ಮೀಟರಿಗಿಂತಲೂ ಆಳದಲ್ಲಿತ್ತು. ಅಲ್ಲಿಂದಲೂ ಹತ್ತಾರು ಟನ್ ತೆಗೆದ ಸುದ್ದಿ 2015ರಲ್ಲಿ ಹೊರಬಿತ್ತು. ಬ್ರಿಟನ್ ಖಜಾನೆಯ ಸ್ವತ್ತು ಅಂತಲೇ ಅದನ್ನು ಎತ್ತಿದ್ದು.

ಇದೇ ಒಡಿಸ್ಸಿ ಕಂಪನಿಯ ಇನ್ನೊಂದು ಪ್ರಕರಣ ಪಕ್ಕದಲ್ಲಿಟ್ಟು ನೋಡಿ. 2007ರಲ್ಲಿ ಅವರು ಅಟ್ಲಾಂಟಿಕ್‌ನಿಂದ ಸುಮಾರು 17 ಟನ್ ನಾಣ್ಯ ಎತ್ತಿ ಅಮೆರಿಕಕ್ಕೆ ಒಯ್ದರು. ಅದು 1804ರಲ್ಲಿ ಮುಳುಗಿದ ಸ್ಪೇನಿನ ಯುದ್ಧನೌಕೆ ಮೆರ್ಸಿದೆಸ್ ಅಂತ ಸ್ಪೇನ್ ದಾವೆ ಹೂಡಿತು. ನಾಣ್ಯ ಟಂಕಿಸಿದ್ದು ನಮ್ಮ ನೆಲದ ಲೋಹದಿಂದ ಅಂತ ಪೆರು ದೇಶವೂ ಬಂತು. ಅಮೆರಿಕದ ನ್ಯಾಯಾಲಯ ಪೆರುವಿನ ಮಾತು ಕೇಳಲಿಲ್ಲ. 2012ರಲ್ಲಿ ಎಲ್ಲವೂ ಸ್ಪೇನಿಗೆ ಹೋಯಿತು. ಧ್ವಜ ಯಾರದ್ದು ಅಂತ ಕಾನೂನು ಕೇಳುತ್ತೆ, ಗಣಿ ಯಾರದ್ದು ಅಂತ ಕೇಳೋದಿಲ್ಲ.

ಪುರಾತತ್ವದವರ ತಕರಾರು ಬೇರೆ ರೀತಿಯದ್ದು. ಅವರಿಗೆ ಮುಳುಗಿದ ಹಡಗು ಅಂದರೆ ಒಂದು ದಿನದ ಬದುಕು ಹಾಗೇ ನಿಂತುಹೋದ ಜಾಗ. ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್ 1980ರ ದಶಕದಲ್ಲಿ ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಯ ತಂಡ ಕಟ್ಟಿಕೊಂಡು ದ್ವಾರಕೆಯ ಕಡಲಲ್ಲಿ ಹುಡುಕಿದಾಗ ಅವರಿಗೆ ಸಿಕ್ಕಿದ್ದು ಕಲ್ಲಿನ ಲಂಗರುಗಳು. ಮಾರಿದರೆ ನಾಲ್ಕು ಕಾಸು ಬರದ ವಸ್ತು, ಹಳೆಯ ಬಂದರಿನ ಕಥೆ ಹೇಳೋಕೆ ಚಿನ್ನಕ್ಕಿಂತ ಮೇಲು. ಯುನೆಸ್ಕೋದ 2001ರ ಒಡಂಬಡಿಕೆ ಕೂಡ ನೂರು ವರ್ಷಕ್ಕಿಂತ ಹೆಚ್ಚು ಕಾಲ ನೀರಲ್ಲಿರೋ ಅವಶೇಷಗಳನ್ನು ವ್ಯಾಪಾರಕ್ಕೆ ಬಳಸಬಾರದು ಅನ್ನುತ್ತೆ. ಗೇರ್‌ಸೊಪ್ಪಕ್ಕೆ ನೂರು ತುಂಬೋದು 2041ಕ್ಕೆ.

ಬೆಳ್ಳಿಗೆ ಅಂತ ಹೋದವರ ಕೈಗೆ ಬೆಳ್ಳಿಯಲ್ಲದ್ದೂ ಸಿಕ್ಕಿತು ಅನ್ನೋದನ್ನು ಮಾತ್ರ ಮರೆಯಬಾರದು. ಅಂಚೆ ಚೀಲಗಳ ರಾಶಿಯ ನಡುವೆ 700ಕ್ಕೂ ಹೆಚ್ಚು ಕಾಗದಪತ್ರಗಳು! ಎಪ್ಪತ್ತು ವರ್ಷ ನೀರಲ್ಲಿದ್ದ ಕಾಗದ ಓದೋಕೆ ಸಿಗುತ್ತೆ ಅಂದರೆ ನಂಬೋದು ಕಷ್ಟ. ಬೆಳಕಿಲ್ಲ, ಆಮ್ಲಜನಕ ಇಲ್ಲ, ಕೊರೆಯೋ ಚಳಿ, ಮೇಲಿಂದ ಒತ್ತಿಕೊಂಡ ಚೀಲ, ಕೆಸರು. ಕೊಳೆಯೋಕೆ ಬೇಕಾದ್ದೇ ಇರಲಿಲ್ಲ. ಭಾರತದಲ್ಲಿದ್ದ ಸಿಪಾಯಿಗಳು, ಅಧಿಕಾರಿಗಳು, ವ್ಯಾಪಾರಿಗಳು ಮನೆಗೆ ಬರೆದ ಪತ್ರಗಳವು. ಒಬ್ಬ ಸೈನಿಕ ತನ್ನ ಹುಡುಗಿ ಮದುವೆಗೆ ಒಪ್ಪಿದ ಸಂತೋಷ ಬರೆದಿದ್ದ. ಆ ಉತ್ತರ ಅವಳಿಗೆ ಮುಟ್ಟಲೇ ಇಲ್ಲ. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಅವುಗಳ ಪ್ರದರ್ಶನ ಮಾಡಿತು.

ಆದರೆ ಆ ಚೀಲಗಳನ್ನು ಹೊತ್ತ ಹಡಗಿಗೆ ಕಲ್ಲಿದ್ದಲು ತುಂಬಿದವರ ದನಿ ಎಲ್ಲೂ ಇಲ್ಲ. ಯುದ್ಧದಲ್ಲಿ ಕಡಲಲ್ಲಿ ಸತ್ತ ಬ್ರಿಟಿಷ್ ಸರಕು ಹಡಗಿನ ನಾವಿಕರ ಹೆಸರು ಲಂಡನ್ನಿನ ಟವರ್ ಹಿಲ್ ಸ್ಮಾರಕದ ಕಂಚಿನ ಹಲಗೆಗಳ ಮೇಲಿದೆ, ದಾರಿಹೋಕರೂ ಓದಬಹುದು. ಅವರ ಜೊತೆಗೇ ಸತ್ತ ಅವಿಭಜಿತ ಭಾರತದ ಸುಮಾರು 6,000 ನಾವಿಕರ ಹೆಸರು ಮುಂಬಯಿ ಮತ್ತು ಚಿತ್ತಗಾಂಗ್‌ನಲ್ಲಿ ಇಟ್ಟ ಪುಸ್ತಕಗಳೊಳಗಿವೆ. ಕೇಳಿ ತೆರೆಸಿಕೊಂಡರೆ ಉಂಟು.

2014ರಲ್ಲಿ ಬ್ರಿಟನ್ನಿನ ಟಂಕಸಾಲೆ ಕಡಲಿಂದ ಬಂದ ಆ ಬೆಳ್ಳಿಯಲ್ಲಿ ಕಾಲು ಔನ್ಸಿನ 20,000 ನಾಣ್ಯ ಹೊಡೆಯಿತು. ಮುಖದ ಮೇಲೆ ಅವರ ರಾಣಿ, ಅಂಚಿನಲ್ಲಿ 'ಎಸ್.ಎಸ್. ಗೇರ್‌ಸೊಪ್ಪ' ಅನ್ನೋ ಅಕ್ಷರ. ಹೊನ್ನಾವರದಿಂದ ಮೆಣಸು ತುಂಬಿದ ಹಡಗುಗಳನ್ನು ಸಾಗರ ದಾಟಿಸಿದ ಇನ್ನೊಬ್ಬ ರಾಣಿಯ ಊರು ಅದು ಅಂತ ಆ ನಾಣ್ಯ ಕೊಂಡ ಎಷ್ಟು ಜನಕ್ಕೆ ಗೊತ್ತಿದ್ದೀತು? ನಮಗಾದರೂ ಗೊತ್ತಿರಲಿ. ಜೊತೆಗೆ ಆ ಹಡಗಿನ ಲಸ್ಕರ್‌ಗಳ ಲೆಕ್ಕವೂ ನೆನಪಿರಲಿ. ಹತ್ತಿದವರಲ್ಲಿ ಒಬ್ಬರೂ ವಾಪಸು ಬರಲಿಲ್ಲ.