ಸಂಧಿಯ ಓಲೆ

ಶಾಲೆಯ ಮಕ್ಕಳಿಗೆ ಸಂಧಿ ಎಂದರೆ ಲೋಪ, ಆಗಮ, ಆದೇಶ. ಮಂಡಿನೋವಿನವರಿಗೆ ಸಂಧಿವಾತ. ಕುಮಾರವ್ಯಾಸನ ಭಾರತ ಹಿಡಿದವರಿಗೆ ಪರ್ವದೊಳಗಿನ ಒಂದು ಅಧ್ಯಾಯ. ಹಳೇ ಪೇಟೆಯ ಸಂದಿಗೊಂದಿಗಳಲ್ಲೂ ಇದೇ ಪದ ಬಳಸಿ ಬಳಸಿ ಸವೆದು ಕೂತಿದೆ. ಆದರೆ ಅದಕ್ಕೆ ದರ್ಬಾರಿನಲ್ಲಿದ್ದ ಗತ್ತೇ ಬೇರೆ. ಅರ್ಥಶಾಸ್ತ್ರ ರಾಜನೀತಿಯ ಆರು ಗುಣಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಸಂಧಿಯನ್ನು. ವಿಗ್ರಹ, ಅಂದರೆ ಹಗೆ, ಆಮೇಲೆ.

ಎರಡನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ. ಅವನೇ ಸಂಧಿವಿಗ್ರಹಿ. ಬಾದಾಮಿ ಚಾಲುಕ್ಯರ ವಿನಯಾದಿತ್ಯನ ತಾಮ್ರಪಟಗಳ ಕೊನೆಗೆ, ಬರೆದವನು ಮಹಾಸಾಂಧಿವಿಗ್ರಹಿಕ ಶ್ರೀರಾಮಪುಣ್ಯವಲ್ಲಭ ಎಂದಿದೆ. ದಾನದ ಪತ್ರವೂ ಯುದ್ಧ–ಶಾಂತಿಗಳ ಮಂತ್ರಿಯ ಪಾಲಿಗೇ ಬಂದದ್ದು ಸಹಜ: ರಾಜನ ಮಾತನ್ನು ಮುಂದೆ ಯಾರೂ ತಿರುಚಲಾಗದಂತೆ ಬರಹಕ್ಕಿಳಿಸುವುದು ಎರಡು ಕಡೆಗೂ ಬೇಕಾದ ಕಸುಬು.

ಬರೆದ ಮೇಲೆ ಅದು ತಲುಪಬೇಕು. 1783ರ ಜನವರಿ 20ರಂದು ವರ್ಸೈಲ್ಸ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಶಾಂತಿಯ ಪ್ರಾಥಮಿಕ ಕರಾರಿಗೆ ಸಹಿ ಹಾಕಿದವು. ಸರಿಯಾಗಿ ಐದು ತಿಂಗಳಾದ ಮೇಲೆ, ಜೂನ್ 20ರಂದು, ಕಡಲೂರಿನ ಕಡಲಲ್ಲಿ ಅದೇ ಎರಡು ದೇಶಗಳ ಹಡಗುಗಳು ಫಿರಂಗಿ ಹಾರಿಸಿಕೊಂಡವು. ನೂರಾರು ನಾವಿಕರು ಸತ್ತರು, ಗಾಯಗೊಂಡರು. ಯುರೋಪಿನಲ್ಲಿ ಮುಗಿದುಹೋಗಿದ್ದ ಯುದ್ಧಕ್ಕಾಗಿ! ಸುದ್ದಿ ಹೊತ್ತ ಹಡಗು ಬಂದದ್ದು ಆ ತಿಂಗಳ ಕೊನೆಗೆ.

ಅದೇ ಸುದ್ದಿ ಪಶ್ಚಿಮ ಕರಾವಳಿಗೂ ಬಂತು. ಮಂಗಳೂರಿನ ಕೋಟೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಕ್ಯಾಂಪ್‌ಬೆಲ್‌ನ ಪಡೆ ಸಿಕ್ಕಿಬಿದ್ದಿತ್ತು. ಹೊರಗೆ ಟಿಪ್ಪುವಿನ ಸೈನ್ಯ, ಜೊತೆಗೆ ಫ್ರೆಂಚರು. ಪತ್ರ ಕೈಸೇರಿದ್ದೇ ತಡ, ಫ್ರೆಂಚರು ‘ನಮ್ಮ ಯುದ್ಧ ಮುಗಿಯಿತು’ ಎಂದು ಹಿಂದೆ ಸರಿದರು. ಟಿಪ್ಪುವಿನ ಪಾಲಿಗೆ ಇದು ಕೈಕೊಟ್ಟಂತೆಯೇ. ಆಗಸ್ಟ್ 2ರಂದು ಕದನವಿರಾಮವಾಯಿತು, ಆದರೆ ಕೋಟೆಗೆ ಹಾಕಿದ ಮುತ್ತಿಗೆ ಸಡಿಲಲಿಲ್ಲ. ಫಿರಂಗಿ ಸುಮ್ಮನಾದ ಮೇಲೂ ಒಳಗಿದ್ದವರು ಹಸಿವಿನಿಂದ, ವಸಡು ಕೊಳೆಯುವ ಸ್ಕರ್ವಿ ರೋಗದಿಂದ ಸಾಯುತ್ತಲೇ ಇದ್ದರು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ.

ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಮಂಗಳೂರು ಒಪ್ಪಂದವಾಯಿತು. ಗೆದ್ದದ್ದನ್ನು ಇಬ್ಬರೂ ಮರಳಿಸಬೇಕು, ಸೆರೆಯಾಳುಗಳನ್ನು ಬಿಡಬೇಕು. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕಂಪನಿ ಅಧಿಕಾರಿಗಳ ಬೇಡಿ ಕಳಚಿದ್ದು ಆ ಕಾಗದದ ಬಲದಿಂದ. ಎರಡು ಕಡೆ ಸಮಸಮ ನಿಂತು ಕೂಡಿದ್ದರಿಂದ ಇದನ್ನು ನಿಜಕ್ಕೂ ಸಂಧಿ ಎನ್ನಬೇಕು.

ಪಠ್ಯಪುಸ್ತಕಗಳು 1792ರ ಶ್ರೀರಂಗಪಟ್ಟಣದ ಕಾಗದವನ್ನೂ ಒಪ್ಪಂದ ಎಂದೇ ಕರೆಯುತ್ತವೆ. ಅದರಲ್ಲಿ ಒಪ್ಪಿಗೆ ಎಲ್ಲಿತ್ತು? ಮುಂದಿನ ಯುದ್ಧದಲ್ಲಿ ಸೋತ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ತೀರುವವರೆಗೆ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ತನ್ನ ಇಬ್ಬರು ಎಳೆಯ ಮಕ್ಕಳನ್ನು ಟಿಪ್ಪು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಒತ್ತೆ ಒಪ್ಪಿಸಬೇಕಾಯಿತು. ಅವರು ತಂದೆಯ ಬಳಿ ಮರಳಿದ್ದು 1794ರಲ್ಲಿ.