ಯುದ್ಧಕಥನ: ಮುಧೋಳ–ಜಮಖಂಡಿ ಸೀಮೆಯ ನೆಲೆಯಿಂದ

ಹಿಂದಿನ ಕಾಲದ ಕಾಳಗ, ಮುತ್ತಿಗೆ, ಸೂರೆ, ಕಡಲ ದಾಳಿಗಳನ್ನು ಓದುಗ ಅಥವಾ ಕೇಳುಗ ನಂಬುವಂತೆ ಕಾವ್ಯ, ಕಾದಂಬರಿ, ನಾಟಕ, ಲಾವಣಿಗಳಲ್ಲಿ ಹೇಳುವ ಕಲೆಗೆ ಯುದ್ಧಕಥನ ಎನ್ನಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕೃಷ್ಣಾ–ಘಟಪ್ರಭಾ ಹೊಳೆಸಾಲಿನಲ್ಲಿ ಈ ಕಲೆಗೆ ಸಾವಿರ ವರ್ಷದ ಬಳಕೆಯಿದೆ. ಅದರ ಒಂದು ತುದಿಯಲ್ಲಿ 10ನೆಯ ಶತಮಾನದ ರನ್ನನ ‘ಗದಾಯುದ್ಧ’ವಿದ್ದರೆ ಇನ್ನೊಂದು ತುದಿಯಲ್ಲಿ 1857ರ ಹಲಗಲಿ ಬೇಡರ ಲಾವಣಿ ಇದೆ. ಒಂದು ಆಸ್ಥಾನದ ಚಂಪೂಕಾವ್ಯ, ಇನ್ನೊಂದು ಡಪ್ಪಿನ ಮೇಲೆ ಹಾಡಿದ ಪದ. ಇಷ್ಟು ದೂರ ನಿಂತ ಈ ಎರಡಕ್ಕೂ ಒಂದು ಗುಣ ಸಮಾನವಾಗಿದೆ: ಗೆದ್ದವನ ಕತ್ತಿಯನ್ನು ನೋಡುವುದಕ್ಕಿಂತ ಕಾಳಗ ಮುಗಿದ ಮೇಲೆ ನೆಲದ ಮೇಲೆ ಏನು ಉಳಿಯಿತು, ಮನೆಯಿಂದ ಏನು ಹೋಯಿತು ಎಂಬುದನ್ನು ಅವು ಹೆಚ್ಚು ಗಮನವಿಟ್ಟು ನೋಡಿವೆ.

ರನ್ನನ ರಣರಂಗ

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ. ಮನೆತನ ಬಳೆಗಾರರದು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದಿಗಾಗಿ ದಕ್ಷಿಣಕ್ಕೆ ಹೋಗಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿದ್ದು, ಆಮೇಲೆ ಕಲ್ಯಾಣ ಚಾಳುಕ್ಯರ ತೈಲಪ ಮತ್ತು ಅವನ ಮಗ ಸತ್ಯಾಶ್ರಯ ಇರಿವಬೆಡಂಗರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ. ಅವನ ಬಾಲ್ಯ ಮತ್ತು ಯೌವನ ದಖ್ಖನ್ನಿನ ದೊಡ್ಡ ಪಲ್ಲಟದ ಕಾಲ. 972ರಲ್ಲಿ ಮಾಳವದ ಪರಮಾರ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಮಾಡಿದ. ಮರುವರ್ಷ ತೈಲಪ ಆ ಸಿಂಹಾಸನವನ್ನೇ ಕಿತ್ತುಕೊಂಡ. ಆಗ ರನ್ನನಿಗೆ ಇಪ್ಪತ್ತನಾಲ್ಕರ ಆಸುಪಾಸು.

‘ಸಾಹಸಭೀಮವಿಜಯ’ ಎಂಬ ಇನ್ನೊಂದು ಹೆಸರೂ ಇರುವ ‘ಗದಾಯುದ್ಧ’ ಹತ್ತು ಆಶ್ವಾಸಗಳ ಕಾವ್ಯ. ಮಹಾಭಾರತ ಯುದ್ಧದ ಕೊನೆಯ ಘಟ್ಟವನ್ನಷ್ಟೇ ಕತೆಯಾಗಿ ಹಿಡಿದು ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ, ಪಾತ್ರಗಳ ನೆನಪಿನಲ್ಲಿ, ಬೈಗುಳದಲ್ಲಿ, ಅಳುವಿನಲ್ಲಿ ತರುತ್ತದೆ. ಕಾದಂಬರಿಕಾರರು ಇಂದಿಗೂ ಎಡವುವ ಜಾಗ ಇದೇ. ಹದಿನೆಂಟು ದಿನದ ಯುದ್ಧವನ್ನು ಹದಿನೆಂಟು ಅಧ್ಯಾಯ ಮಾಡಿದರೆ ಐದನೆಯ ದಿನಕ್ಕೆ ಓದುಗ ದಣಿಯುತ್ತಾನೆ. ರನ್ನ ಹಾಗೆ ಮಾಡದೆ, ಕೊನೆಗೆ ದಣಿದು ಉಳಿದ ದುರ್ಯೋಧನನನ್ನೇ ನಾಯಕ ಭೀಮನ ಎದುರಿಗೆ ನಿಲ್ಲಿಸಿದ.

ಕಾವ್ಯದ ಅತ್ಯಂತ ನಂಬಿಕೆ ಹುಟ್ಟಿಸುವ ಭಾಗದಲ್ಲಿ ಕಾಳಗವೇ ಇಲ್ಲ. ಕರ್ಣನೂ ಇಲ್ಲವಾದ ಮೇಲೆ ದುರ್ಯೋಧನ ಶರಶಯ್ಯೆಯ ಭೀಷ್ಮನನ್ನು ಕಾಣಲು ಸಂಜಯನ ಆಸರೆಯಲ್ಲಿ ರಣರಂಗವನ್ನು ಹಾಯ್ದು ಹೋಗುತ್ತಾನೆ. ರಥವಿಲ್ಲ, ಛತ್ರವಿಲ್ಲ. ಚಕ್ರವರ್ತಿ ಹೆಣಗಳ ಸಂದಿಯಲ್ಲಿ ದಾರಿ ಹುಡುಕಬೇಕು, ನೆತ್ತರಿನಲ್ಲಿ ಜಾರದಂತೆ ಹೆಜ್ಜೆಯಿಡಬೇಕು, ಬಿದ್ದ ಆನೆಗಳನ್ನು ಸುತ್ತುಬಳಸಬೇಕು. ಅಲ್ಲಿಯ ಮರುಳುಗಳು ಕೂಡ ಅವನನ್ನು ಗುರುತಿಸಿ ಹಂಗಿಸುತ್ತವೆ. ಮುಂದೆ ಒಬ್ಬೊಬ್ಬರ ಹೆಣವೂ ಎದುರಾಗುತ್ತದೆ. ದ್ರೋಣನ ಮುಂದೆ ಅವನು ಶಿಷ್ಯ, ದುಶ್ಶಾಸನನ ಮುಂದೆ ಅಣ್ಣ, ಕರ್ಣನ ಮುಂದೆ ಬರೀ ಗೆಳೆಯ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ನಿಂತು ಮೆಚ್ಚಿ ಕೈಮುಗಿಯುತ್ತಾನೆ, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ತನ್ನ ಮಗ ಲಕ್ಷಣಕುಮಾರನ ಮುಂದೆ ಮಾತ್ರ ತಂದೆಗೆ ಮಗ ಬಿಡಬೇಕಾದ ತರ್ಪಣದ ನೀರನ್ನು ಮಗನಿಗೆ ತಂದೆ ಬಿಡಬೇಕಾಗಿ ಬಂದ ತಿರುವುಮುರುವನ್ನು ನೆನೆದು ಒಡೆದುಹೋಗುತ್ತಾನೆ. ಹಳಗನ್ನಡ ಬಿಗಿಯೆನ್ನುವವರೂ ಈ ಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಬೇಕು.

ವೈಶಂಪಾಯನ ಸರೋವರದ ಪ್ರಸಂಗದ ಕುಸುರಿ ಬೇರೆ ಬಗೆಯದು. ಜಲಮಂತ್ರ ಬಲದಿಂದ ನೀರೊಳಗೆ ಅಡಗಿದ ದುರ್ಯೋಧನನಿಗೆ ದಡದಲ್ಲಿ ನಿಂತ ಭೀಮನ ಆರ್ಭಟ ಕೇಳಿದಾಗ ತಣ್ಣೀರಿನ ನಡುವೆಯೂ ಮೈ ಬೆವರುತ್ತದೆ. ಮಂತ್ರವನ್ನು ಓದುಗ ನಂಬದಿರಬಹುದು, ಬೆವರನ್ನು ನಂಬುತ್ತಾನೆ. ಅಸಾಧ್ಯವಾದುದರ ಪಕ್ಕದಲ್ಲೇ ಮೈಯ ಒಂದು ಸತ್ಯವನ್ನಿಟ್ಟು ಎರಡನ್ನೂ ದಾಟಿಸುವ ಈ ಜಾಣ್ಮೆ ಇಂದಿನ ಕಲ್ಪಿತ ಇತಿಹಾಸ ಬರೆಯುವವರಿಗೂ ಪಾಠವೇ. ಬಿ.ಎಂ.ಶ್ರೀ. ಈ ಕಾವ್ಯದಿಂದ 1926ರಲ್ಲಿ ‘ಗದಾಯುದ್ಧ ನಾಟಕಂ’ ರಚಿಸಿದರು. ಅದೇ ಯುದ್ಧವನ್ನು ಎಸ್.ಎಲ್. ಭೈರಪ್ಪ 1979ರ ‘ಪರ್ವ’ದಲ್ಲಿ ಪವಾಡವಿಲ್ಲದೆ ಬರೆದಾಗ ಮೇವು, ಅನ್ನ, ಹೇಲು, ಹೆಣದ ನಾತಗಳೇ ಕತೆಯ ಮುನ್ನೆಲೆಗೆ ಬಂದವು. ರನ್ನ, ಭೈರಪ್ಪ ಇಬ್ಬರ ದಾರಿ ಬೇರೆಯಾದರೂ ಕಣ್ಣು ಹೋದದ್ದು ಕಾಲಡಿಗೇ.

ಸಂಖ್ಯೆಯ ಹುಸಿ, ಕಲ್ಲಿನ ಸಾಕ್ಷಿ

ಮಧ್ಯಕಾಲದ ಯುದ್ಧ ಬರೆಯುವವರು ಮೊದಲು ಬೀಳುವ ಹಳ್ಳ ಸೈನ್ಯದ ಸಂಖ್ಯೆ. ರನ್ನನ ಆಶ್ರಯದಾತ ಸತ್ಯಾಶ್ರಯನದೇ ಕಾಲದ, 1007ರ ಹೊಟ್ಟೂರು ಶಾಸನ ಚೋಳರ ದಂಡು ಒಂಬತ್ತು ಲಕ್ಷ ಎನ್ನುತ್ತದೆ. ಆ ದಂಡು ಈಗಿನ ವಿಜಯಪುರ ಜಿಲ್ಲೆಯ ದೋಣೂರಿನವರೆಗೆ ಬಂದು ಹೆಂಗಸರು ಮಕ್ಕಳೆನ್ನದೆ ಕೊಂದಿತು ಎಂದೂ ಹೇಳುತ್ತದೆ. ದಾಳಿ ನಡೆದದ್ದು ನಿಜ. ಆದರೆ ಒಂಬತ್ತು ಲಕ್ಷ ಬಾಯಿಗೆ ದಿನಕ್ಕೆ ಅರ್ಧ ಸೇರು ಜೋಳವೆಂದರೂ ಹೊಳೆಸಾಲಿನ ಯಾವ ಹಗೇವುಗಳೂ ಸಾಲುವುದಿಲ್ಲ. ಶಾಸನಕಾರ ಲೆಕ್ಕದ ಗುಮಾಸ್ತನಲ್ಲ, ಅವನು ಭಯದ ಅಳತೆ ಹೇಳುತ್ತಾನೆ. ಕಾದಂಬರಿಯ ಪಾತ್ರವೊಂದು ‘ಒಂಬತ್ತು ಲಕ್ಷ ಬಂದಿದೆಯಂತೆ’ ಎಂದು ಬಾಯಿ ಬಡಿದುಕೊಂಡರೆ ಅದು ಸಹಜ. ನಿರೂಪಕನೇ ಹಾಗೆಂದರೆ ನಂಬಿಕೆ ಕೆಡುತ್ತದೆ.

ಉಡುಗೆ, ಆಯುಧಗಳ ವಿಷಯದಲ್ಲಿ ವೀರಗಲ್ಲುಗಳಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಸಾಮಾನ್ಯವಾಗಿ ಮೂರು ಪಟ್ಟಿ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕೆಳಗಿನ ಪಟ್ಟಿಯಲ್ಲಿ ಕಾಣುವುದು ಹೆಚ್ಚಾಗಿ ಮಹಾಯುದ್ಧವಲ್ಲ, ತುರುಗೋಳು. ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನ ಕಲ್ಲು ಅದು. ಬಿಲ್ಲು, ಗಿಡ್ಡ ಕತ್ತಿ, ಚಿಕ್ಕ ಗುರಾಣಿ, ಮೊಣಕಾಲ ಮೇಲಿನ ಕಚ್ಚೆ, ಕಟ್ಟಿದ ತುರುಬು. ತಲೆಯಿಂದ ಕಾಲಿನವರೆಗೆ ಉಕ್ಕು ತೊಟ್ಟ ಯೋಧ ಇಲ್ಲಿ ಕಾಣುವುದಿಲ್ಲ. ಮೈಗಾಪು ಬೇಕೆಂದರೆ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ದಂಡಿನಲ್ಲಿ ಕಂಡ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಗಳಿವೆ. ಮಳೆಯಲ್ಲಿ ನೆಂದ ಹತ್ತಿ ಎಷ್ಟು ಭಾರವಾಗುತ್ತದೆ ಎಂಬುದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ರನ್ನ ಹುಟ್ಟಿದ ವರ್ಷದ್ದೇ ಎನ್ನಲಾಗುವ ಮಂಡ್ಯ ಜಿಲ್ಲೆಯ ಆತಕೂರು ಶಾಸನ ರಾಷ್ಟ್ರಕೂಟ–ಚೋಳರ ನಡುವಿನ ತಕ್ಕೋಲಂ ಕಾಳಗವನ್ನು ಹೇಳುವ ಜೊತೆಗೆ, ಹಂದಿಯೊಡನೆ ಕಾದಿ ಸತ್ತ ‘ಕಾಳಿ’ ಎಂಬ ನಾಯಿಯನ್ನೂ ನೆನೆಯುತ್ತದೆ. ಬೇಟೆನಾಯಿಗೆ ಹೆಸರಾದ ಮುಧೋಳದ ಓದುಗರು ಇದನ್ನು ಹೆಚ್ಚು ಮೆಚ್ಚಿಯಾರು.

ಎರೆನೆಲ, ಹೊಳೆ, ಹಂಗಾಮು

ಈ ಸೀಮೆಯ ಎರೆಭೂಮಿ ಒಣಗಿದಾಗ ಕಲ್ಲು, ನೆಂದಾಗ ಅಂಟು. ಒಂದು ದೊಡ್ಡ ಮಳೆಯಾದರೆ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ, ಕುದುರೆಯ ಗೊರಸಿಗೆ ಮಣ್ಣು ಮೆತ್ತಿ ಓಟ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ನೆಲದ ಬಿರುಕಿನಲ್ಲಿ ಕುದುರೆಯ ಕಾಲು ಮುರಿಯುತ್ತದೆ. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿಯುವಾಗ ದಂಡು ದಾಟುವ ಮಾತೇ ಇಲ್ಲ. ವಿಜಯದಶಮಿಗೆ ಬನ್ನಿ ಮುಡಿದು ಸೀಮೋಲ್ಲಂಘನ ಮಾಡುವ ರೂಢಿಯ ಹಿಂದೆ ಈ ಹವಾಮಾನದ ಲೆಕ್ಕವೂ ಇದೆ. ಮಳೆ ಹಿಂದಾಗುತ್ತದೆ, ಹಾದಿ ಗಟ್ಟಿಯಾಗುತ್ತದೆ, ಮುಂದೆ ಹಿಂಗಾರಿ ಜೋಳ ಬಂದರೆ ಕುದುರೆಗೆ ಕಣಿಕೆ, ಆಳಿಗೆ ರೊಟ್ಟಿ. ಆಷಾಢದಲ್ಲಿ ಮುಧೋಳದ ಹೊಲದಲ್ಲಿ ಅಶ್ವದಳವನ್ನು ನಾಗಾಲೋಟ ಓಡಿಸುವ ಲೇಖಕನನ್ನು ಆ ಊರಿನ ಒಕ್ಕಲಿಗ ಎರಡನೆಯ ಪುಟಕ್ಕೇ ಕೈಬಿಡುತ್ತಾನೆ.

ವಿಜಯನಗರ ಮತ್ತು ದಖ್ಖನ್ನಿನ ಸುಲ್ತಾನರ ನಡುವಿನ ರಕ್ಕಸತಂಗಡಿ ಕಾಳಗ ನಡೆದದ್ದು 1565ರ ಜನವರಿಯಲ್ಲಿ, ಹೊಳೆ ಇಳಿದಿದ್ದಾಗ. ಇತಿಹಾಸಕಾರ ಫರಿಶ್ತಾ ಹೇಳುವಂತೆ ಸುಲ್ತಾನರ ದಂಡು ಬೇರೆ ಕಡವು ಹುಡುಕುವವರಂತೆ ಮೂರು ದಿನ ದಂಡೆಗುಂಟ ನಡೆಯಿತು. ಎದುರು ದಂಡೆಯ ವಿಜಯನಗರದ ಕಾವಲೂ ಜೊತೆಗೇ ಸರಿಯಿತು. ಆಗ ಇವರು ಗಕ್ಕನೆ ತಿರುಗಿ ಮೊದಲಿನ ಕಡವಿಗೇ ಬಂದು ದಾಟಿದರು. ಫಿರಂಗಿಗಳಿಗೆ ತಾಮ್ರದ ಕಾಸಿನ ಚೀಲ ತುಂಬಿ ಹಾರಿಸಿದರೆಂದೂ ಅವನೇ ಬರೆಯುತ್ತಾನೆ. ವಿಜಯನಗರದ ಅಳಿಯ ರಾಮರಾಯನ ಸಾವಿನ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ಗಿರೀಶ ಕಾರ್ನಾಡರ ಕೊನೆಯ ಕನ್ನಡ ನಾಟಕ ‘ರಾಕ್ಷಸ-ತಂಗಡಿ’ಯ ವಸ್ತುವೂ ಈ ಯುದ್ಧವೇ. ಆದರೆ ಮೂರು ದಿನದ ಆ ಸುಳ್ಳು ನಡಿಗೆಯಲ್ಲಿ ಇಡೀ ಕಾದಂಬರಿಯೊಂದರ ಬಿಗಿ ಅಡಗಿದೆ. ರಣವಾದ್ಯದ ಸದ್ದಿಗೆ ಬೇಕಾದರೆ ಇದೇ ಸೀಮೆಯ ಜನಪದ ವಾದ್ಯ ಕರಡಿಮಜಲಿನ ಬಡಿತ ಕೇಳಿ ಬರೆಯಬಹುದು.

ಕಡಲ ದಾಳಿ

ಒಳನಾಡಿನ ಲೇಖಕರು ಕಡಲ ದಾಳಿ ಬರೆಯಲು ಹಿಂಜರಿಯಬೇಕಾಗಿಲ್ಲ. ಕನ್ನಡ ನಾಡಿನ ಹಳೆಯ ನೌಕಾದಾಳಿಯ ವರ್ಣನೆಗಳಲ್ಲೊಂದು ಕೆತ್ತಿರುವುದು ಕಡಲಿನಿಂದ ಬಲು ದೂರದ ಐಹೊಳೆಯಲ್ಲಿ. ಮೇಗುತಿ ಬಸದಿಯ 634ರ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಮದಗಜದಂಥ ನೂರಾರು ಹಡಗುಗಳಿಂದ ಪಶ್ಚಿಮ ಸಮುದ್ರದ ಲಕ್ಷ್ಮಿಯೆನಿಸಿದ ಪುರೀ ನಗರವನ್ನು ಮುತ್ತಿದ್ದನ್ನು ಹೇಳುತ್ತಾನೆ. ಹಡಗಿಗೆ ಆನೆಯ ಹೋಲಿಕೆ ಕೊಟ್ಟದ್ದು ಒಳನಾಡಿನ ಕಣ್ಣು. ಮುಂಬೈ ಬಳಿಯ ಎಕ್ಸರ್‌ನ ವೀರಗಲ್ಲುಗಳಲ್ಲಿ ಹುಟ್ಟು ಹಾಕುವವರ ಸಾಲು, ಹಡಗಿನ ಮೇಲೇ ನಡೆವ ಕಾದಾಟ ಕಾಣುತ್ತವೆ.

ಇನ್ನೂ ಹತ್ತಿರದ ಚಿತ್ರ ಬೇಕೆಂದರೆ ಇಬ್ನ್ ಬತೂತನದು. 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಐವತ್ತೆರಡು ಹಡಗು ಸಜ್ಜುಮಾಡಿ ಸಂದಾಬೂರದ, ಎಂದರೆ ಗೋವೆಯ, ಮೇಲೆ ಹೋದಾಗ ಈ ಮೊರಾಕೊ ಯಾತ್ರಿಕನೂ ಜೊತೆಗಿದ್ದ. ದಡದಿಂದ ಕವಣೆಯಂತ್ರಗಳು ಕಲ್ಲು ಎಸೆದವು. ಹಡಗಿನವರು ಕತ್ತಿ ಗುರಾಣಿ ಹಿಡಿದು ನೀರಿಗೆ ಧುಮುಕಿದರು, ತಾನೂ ಧುಮುಕಿದೆ ಎನ್ನುತ್ತಾನೆ. ಎರಡು ಹಡಗುಗಳ ಹಿಂಬದಿ ತೆರೆದಿತ್ತು. ಒಳಗೇ ಕುದುರೆ ಹತ್ತಿ, ಕವಚ ತೊಟ್ಟು, ನೇರ ಹೊರಬರುವಂತೆ ಅವುಗಳನ್ನು ಕಟ್ಟಲಾಗಿತ್ತು. ಕಲ್ಪನೆಯಿಂದ ಇಂಥ ವಿವರ ಹುಟ್ಟುವುದು ಕಷ್ಟ.

ಆ ಕಾಲದ ಕರಾವಳಿಯಲ್ಲಿ ಮಳೆಗಾಲ ಕಡಲನ್ನೇ ಮುಚ್ಚುತ್ತಿತ್ತು. ನೂಲಹುಣ್ಣಿಮೆಯ ಸಮುದ್ರಪೂಜೆಯವರೆಗೆ ದಾಳಿಯಿರಲಿಲ್ಲ, ವ್ಯಾಪಾರವೂ ಇರಲಿಲ್ಲ. ಹೊಳೆಯ ಅಳಿವೆಗಳಲ್ಲಿ ಮರಳದಿಬ್ಬವಿರುವುದರಿಂದ ಭರತ ಏರಿದಾಗಷ್ಟೇ ದೊಡ್ಡ ಹಡಗು ಒಳಗೆ ಬರಬಲ್ಲುದು. ಇಳಿತಕ್ಕೆ ಮುಂಚೆ ಹೊರಬೀಳದಿದ್ದರೆ ದಾಳಿಗಾರನೇ ಬಲೆಗೆ ಬಿದ್ದ ಹಾಗೆ.

ಉಡದ ಕತೆ

ಮುಧೋಳವನ್ನು ಆಳಿದ ಘೋರ್ಪಡೆ ಮನೆತನದ ಐತಿಹ್ಯ ಕಡಲು ಮತ್ತು ಒಳನಾಡನ್ನು ಜೋಡಿಸುತ್ತದೆ. ಬಹಮನಿ ಮಂತ್ರಿ ಮಹಮೂದ್ ಗವಾನ್ 1469ರಿಂದ 1472ರ ನಡುವೆ ಕೊಂಕಣದ ಮೇಲೆ ದಂಡೆತ್ತಿ ಹೋದ. ಅಲ್ಲಿಯ ಅರಸರ ಹಡಗುಗಳು ವ್ಯಾಪಾರಿಗಳನ್ನು ದೋಚುತ್ತಿದ್ದುದು ಅದಕ್ಕೆ ಒಂದು ಕಾರಣ. ಆ ದಂಡಿನಲ್ಲಿದ್ದ ಮನೆತನದ ಪೂರ್ವಜರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಖೇಳಣಾ ಕೋಟೆಯ ಗೋಡೆ ಹತ್ತಿದರು, ಆ ಸಾಹಸದಿಂದಲೇ ಘೋರ್ಪಡೆ (ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ) ಎಂಬ ಹೆಸರು ಬಂತು ಎಂಬುದು ಕತೆ. 1670ರ ಕೊಂಡಾಣ ಕೋಟೆಯ ತಾನಾಜಿಯ ಬಗ್ಗೆಯೂ ಇಂಥದೇ ಕತೆಯಿದೆ. ಉಡದ ಪಟ್ಟು ಗಾದೆಗೆ ಸರಿ, ಆಳಿನ ತೂಕ ತಡೆಯುವುದು ಸಂಶಯ. ಕಾದಂಬರಿಯಲ್ಲಿ ಇದನ್ನು ನಡೆದದ್ದಾಗಿ ಬರೆಯುವುದಕ್ಕಿಂತ, ಗೋಡೆ ಹತ್ತಿ ಬಂದವರು ಇಪ್ಪತ್ತು ವರ್ಷದ ನಂತರ ಮೊಮ್ಮಕ್ಕಳಿಗೆ ಹೇಳುವ ಮಾತಾಗಿ ಬರೆಯುವುದು ಲೇಸು. ಆ ದಂಡಯಾತ್ರೆಯಲ್ಲಿ ನಂಬಲರ್ಹವಾದ ವಿವರ ಬೇರೆಯೇ ಇದೆ. ದಟ್ಟ ಕಾಡನ್ನು ಕಡಿದು ಸುಟ್ಟು ದಾರಿ ಮಾಡಬೇಕಾಯಿತು, ಮತ್ತು ಮಳೆ ಹಿಡಿದಾಗ ಗವಾನ್ ಮುತ್ತಿಗೆ ಬಿಟ್ಟು ಘಟ್ಟ ಹತ್ತಿ ಕೊಲ್ಹಾಪುರದ ಕಡೆ ಬೀಡು ಬಿಡಬೇಕಾಯಿತು.

ಹಲಗಲಿಯ ಲಾವಣಿ

ಮುಧೋಳ ತಾಲ್ಲೂಕಿನ ಹಲಗಲಿಯ ಘಟನೆ ಮಧ್ಯಕಾಲದ್ದಲ್ಲ. ಆದರೂ ಊರಿನ ಮೇಲಿನ ದಾಳಿಯನ್ನು ಒಳಗಿನಿಂದ ಹೇಳಿದ ಕಥನಗಳಲ್ಲಿ ಇದಕ್ಕೆ ಸಮನಾದುದು ಕನ್ನಡದಲ್ಲಿ ಕಡಿಮೆ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಬೇಕೆಂಬ ಕಾಯ್ದೆ ತಂದಾಗ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಕುದುರೆ ಸವಾರರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರು ಮುಂದಿದೆ. ಕಾದಾಟದ ಭಾಗ ಬಿರುಸಾಗಿ ಹರಿದು ಮುಗಿಯುತ್ತದೆ. ಲಾವಣಿಕಾರ ನಿಧಾನಿಸುವುದು ಸೂರೆಯ ಹೊತ್ತಿಗೆ. ದನಕರು ಹೋದವು, ಕೊಡಲಿ, ಕುಡ ಹೋದವು, ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ ಹೋದವು, ತಾಳಿ ಹೋಯಿತು, ಬೀಸುವ ಕಲ್ಲನ್ನೂ ಬಿಡಲಿಲ್ಲ. ಬಂಗಾರದ ಗಂಟು, ರತ್ನದ ಪೆಟ್ಟಿಗೆಗಳ ಮಾತಿಲ್ಲ. ಬಡವರ ಊರನ್ನು ದೋಚಿದರೆ ಸಿಗುವುದೇ ಇಷ್ಟು ಎಂಬುದು ಹಾಡಿದವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಈ ಪಟ್ಟಿ ಕಟ್ಟಲು ಅವನು ಅಡುಗೆಮನೆಯಿಂದ ಹಿತ್ತಲಿನವರೆಗೆ ಮನಸ್ಸಿನಲ್ಲೇ ನಡೆದುನೋಡಿರಬೇಕು.

ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ ಈ ಭಾಗದ ಇತರ ಐತಿಹಾಸಿಕ ಲಾವಣಿಗಳ ಜೊತೆಗೆ ಇದನ್ನೂ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಮಾಡಿಸಿದ. ಊರು ಸುಟ್ಟವರ ಆಡಳಿತದ ಅಧಿಕಾರಿಯೇ ಸುಡಿಸಿಕೊಂಡವರ ಹಾಡನ್ನು ಬರೆದಿಟ್ಟನೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಈ ಲಾವಣಿ ಕರ್ನಾಟಕದ ಶಾಲಾ ಪಠ್ಯದಲ್ಲೂ ಸೇರಿದೆ.